ಗಡಿಯಾರ, ನಕ್ಷೆ, ಆಮೇಲೆ ನೆಲ

ವಿಮಾನ ಹಾರಿಸಲು ಕಲಿಯುವವರಿಗೆ ಹಳೆಯ ಬೋಧಕರು ಒಂದು ಕ್ರಮ ಹೇಳಿಕೊಡುತ್ತಾರೆ: ಮೊದಲು ಗಡಿಯಾರ ನೋಡು, ಆಮೇಲೆ ನಕ್ಷೆ, ಕೊನೆಗೆ ನೆಲ. ದಾರಿ ತಪ್ಪುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡಿರುತ್ತಾರೆ. ಕಿಟಕಿಯಾಚೆ ಒಂದು ಕೆರೆ ಕಂಡಿತು, ಕೂಡಲೇ ತೊಡೆಯ ಮೇಲಿನ ಚಾರ್ಟಿನಲ್ಲಿ ಅಂಥದ್ದೊಂದು ಕೆರೆಗಾಗಿ ಹುಡುಕಾಟ. ಸಿಗದೆ ಇರುತ್ತದೆಯೇ? ಹಳೇ ಮೈಸೂರು ಸೀಮೆಯಲ್ಲಿ ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಕೆರೆ. ಪಕ್ಕದ ರಸ್ತೆ, ಆಚೆಯ ಊರು, ಎಲ್ಲವೂ ಹೊಂದಿದ ಹಾಗೆಯೇ ಕಾಣುತ್ತದೆ. ಆತಂಕದಲ್ಲಿರುವ ಮನಸ್ಸು ಯಾವ ಊರನ್ನಾದರೂ ತನಗೆ ಬೇಕಾದ ಊರಿಗೆ ಹೊಂದಿಸಿಬಿಡುತ್ತದೆ. ಹೊರಟು ಎಷ್ಟು ನಿಮಿಷವಾಯಿತು, ಅಷ್ಟು ಹೊತ್ತಿಗೆ ನಕ್ಷೆಯ ಪ್ರಕಾರ ನಾನೆಲ್ಲಿರಬೇಕು, ಅಲ್ಲಿ ಏನು ಕಾಣಬೇಕು, ಈ ಮೂರನ್ನೂ ತಿಳಿದುಕೊಂಡು ತಲೆಯೆತ್ತಿದವನಿಗೆ ಮಾತ್ರ ನೆಲ ನಿಜ ಹೇಳುತ್ತದೆ.

ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕೆಂದರೆ 200 ಗಂಟೆಗಳ ಹಾರಾಟದೊಳಗೆ ಕನಿಷ್ಠ 20 ಗಂಟೆ ವಿಮಾನದ ಪೂರ್ಣ ಹೊಣೆ ಹೊತ್ತು ಕ್ರಾಸ್ ಕಂಟ್ರಿ, ಅಂದರೆ ಹೀಗೆ ದಾರಿ ಹುಡುಕಿಕೊಂಡು ಊರಿಂದೂರಿಗೆ, ಹಾರಿರಬೇಕು. ಅದರಲ್ಲೂ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಾಗದಂತೆ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ನಿಂತು ಹೊರಟದ್ದಾಗಿರಬೇಕು. ಈ ಗಂಟೆಗಳನ್ನು ಲಾಗ್‌ಬುಕ್ಕಿನ ಒಂದು ಕಾಲಂ ತುಂಬಿಸುವ ಕೆಲಸವೆಂದು ತಿಳಿದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇಡೀ ತರಬೇತಿಯಲ್ಲಿ ಇಷ್ಟು ಸೊಗಸಾದ ಪಾಠ ಇನ್ನೊಂದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಪೆನ್ಸಿಲಿನಲ್ಲಿ ನೇರ ಗೆರೆ ಎಳೆಯಿರಿ. ನಿಜವಾಗಿ ಹಾರುವಾಗ ಎಚ್ಎಎಲ್, ಯಲಹಂಕ, ಕೆಂಪೇಗೌಡ ನಿಲ್ದಾಣಗಳ ನಡುವೆ ಸಿಕ್ಕಿಕೊಂಡಿರುವ ಜಕ್ಕೂರಿನಿಂದ ಹೀಗೆ ನೆಟ್ಟಗೆ ಹೋಗಲು ಬಿಡುವುದಿಲ್ಲ. ಏರ್ ಟ್ರಾಫಿಕ್ ಕಂಟ್ರೋಲ್ ಹೇಳಿದ ದಾರಿಯೇ ದಾರಿ. ವಾಯುಪಡೆಯ ಅನುಮತಿಯ ಎಡಿಸಿ ನಂಬರೂ ಫ್ಲೈಟ್ ಇನ್ಫರ್ಮೇಷನ್ ಸೆಂಟರಿನ ಎಫ್ಐಸಿ ನಂಬರೂ ಕೈಗೆ ಬರದೆ ಎಂಜಿನ್ ಶುರುಮಾಡುವ ಮಾತೇ ಇಲ್ಲ. ಆದರೆ ಕಲಿಯಲು ಈ ಗೆರೆ ಬಲು ಚೆನ್ನಾದದ್ದು. ಐದು ಲಕ್ಷಕ್ಕೆ ಒಂದರ ಪ್ರಮಾಣದ ಚಾರ್ಟಿನಲ್ಲಿ ಇದು ಸುಮಾರು 28 ಸೆಂಟಿಮೀಟರ್ ಉದ್ದ ಬರುತ್ತದೆ. ಅಂದರೆ 75 ನಾಟಿಕಲ್ ಮೈಲಿ. ದೂರವನ್ನು ಚಾರ್ಟಿನ ಎಡಬಲಗಳಲ್ಲಿರುವ ಅಕ್ಷಾಂಶದ ಗುರುತುಗಳ ಮೇಲೆ ಅಳೆಯಬೇಕು, ಅಲ್ಲಿ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲಿ. ಮೇಲಿನ ಅಂಚಿನ ರೇಖಾಂಶದ ಮೇಲೆ ಅಳೆದರೆ ಲೆಕ್ಕ ಕೆಡುತ್ತದೆ. ಗೆರೆಯ ದಿಕ್ಕನ್ನು ಕೋನಮಾಪಕದಿಂದ ಅಳೆಯುವಾಗ ಗೆರೆಯ ನಡುಮಧ್ಯ ಹಾಯುವ ರೇಖಾಂಶವನ್ನು ಹಿಡಿಯಬೇಕು. ಉತ್ತರಕ್ಕೆ ಹೋದಂತೆಲ್ಲ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವಲ್ಲ, ಅದಕ್ಕೆ. ನಮ್ಮ ಗೆರೆಗೆ 227 ಡಿಗ್ರಿ ಬರುತ್ತದೆ, ನೈಋತ್ಯ.

ಇನ್ನು ಗಾಳಿ. 90 ನಾಟ್ ವೇಗದ ಪುಟ್ಟ ವಿಮಾನ ನಿಶ್ಚಲ ಗಾಳಿಯಲ್ಲಿ 50 ನಿಮಿಷಕ್ಕೆ ಮೈಸೂರು ಮುಟ್ಟುತ್ತದೆ. ಪಶ್ಚಿಮದಿಂದ, 270 ಡಿಗ್ರಿಯಿಂದ, 20 ನಾಟ್ ಗಾಳಿ ಬೀಸುತ್ತಿದೆ ಎನ್ನಿ. ಮೂತಿಯನ್ನು ಗಾಳಿಯ ಕಡೆಗೆ 9 ಡಿಗ್ರಿ ತಿರುಗಿಸಿ 236ಕ್ಕೆ ಹಿಡಿದರೆ ಮಾತ್ರ ವಿಮಾನ ಗೆರೆಯ ಮೇಲೆ ನಿಲ್ಲುತ್ತದೆ. ನೆಲದ ಮೇಲಿನ ವೇಗ 74 ನಾಟ್‌ಗೆ ಇಳಿಯುತ್ತದೆ, ಪಯಣ ಒಂದು ಗಂಟೆಯಾಗುತ್ತದೆ. ವಾಪಸು ಬರುವಾಗ ಅದೇ ಗಾಳಿ ಬೆನ್ನಿಗೆ ಬಂದು ಸುಮಾರು 43 ನಿಮಿಷಕ್ಕೆ ತಂದು ಬಿಡುತ್ತದೆ. ಎರಡೂ ಸೇರಿಸಿ ನೋಡಿ: ಗಾಳಿಯಿಲ್ಲದೆ 100 ನಿಮಿಷ, ಗಾಳಿಯಿದ್ದರೆ 104. ಹೋಗುವಾಗ ಕಸಿದುಕೊಂಡದ್ದನ್ನೆಲ್ಲ ಗಾಳಿ ಬರುವಾಗ ಹಿಂದಿರುಗಿಸುವುದಿಲ್ಲ. ಇಂಧನದ ಲೆಕ್ಕದಲ್ಲಿ ಇದನ್ನು ಮರೆಯುವಂತಿಲ್ಲ. ವಿಮಾನದ ವೇಗ, ಗಾಳಿ, ನೆಲದ ಮೇಲಿನ ವೇಗ ಸೇರಿ ಆಗುವ ಈ ತ್ರಿಕೋನದ ಲೆಕ್ಕಕ್ಕೆ ವಿದ್ಯಾರ್ಥಿಗಳು ಇಂದಿಗೂ ಬಳಸುವ ತಿರುಗುತಟ್ಟೆಯ ಫ್ಲೈಟ್ ಕಂಪ್ಯೂಟರನ್ನು 1930ರ ದಶಕದಲ್ಲಿ ರೂಪಿಸಿದವನು ಅಮೆರಿಕದ ಫಿಲಿಪ್ ಡಾಲ್ಟನ್. ಬ್ಯಾಟರಿ ಬೇಡದ ಆ ತಟ್ಟೆಯನ್ನು ಒಂದು ಕೈಯಲ್ಲಿ ತಿರುಗಿಸಲು ಬರುವವರೆಗೂ ಅಭ್ಯಾಸ ಮಾಡಿ, ಇನ್ನೊಂದು ಕೈ ಕಂಟ್ರೋಲ್ ಮೇಲಿರಬೇಕು.

ನಿಜ ಉತ್ತರಕ್ಕೂ ದಿಕ್ಸೂಚಿ ತೋರುವ ಉತ್ತರಕ್ಕೂ ಇರುವ ವ್ಯತ್ಯಾಸ ದಕ್ಷಿಣ ಭಾರತದಲ್ಲಿ ಒಂದೆರಡು ಡಿಗ್ರಿಯಷ್ಟೆ. ಹಾಗಾಗಿ ನಮ್ಮ ಹುಡುಗರು ಅದನ್ನು ಅಳೆದ ದಿಕ್ಕಿಗೆ ಕೂಡುವುದೋ ಅದರಿಂದ ಕಳೆಯುವುದೋ ಎಂಬುದನ್ನು ಸಡಿಲಬಿಟ್ಟುಬಿಡುತ್ತಾರೆ. ಅವರೇ ಅಮೆರಿಕಕ್ಕೆ ತರಬೇತಿಗೆ ಹೋಗಿ ಸಿಯಾಟಲ್ ಕಡೆ ಹಾರಿದರೆ ಅಲ್ಲಿ ವ್ಯತ್ಯಾಸ ಸುಮಾರು 15 ಡಿಗ್ರಿ ಪೂರ್ವ. ಕಳೆಯಬೇಕಾದಲ್ಲಿ ಕೂಡಿದರೆ 30 ಡಿಗ್ರಿಯ ತಪ್ಪು. ಇಲ್ಲಿರುವಾಗಲೇ ಕೈ ಕೂರಿಸಿಕೊಳ್ಳುವುದು ಒಳ್ಳೆಯದು.

ಗೆರೆಯ ಮೇಲೆ ಯಾವುದನ್ನು ಗುರುತಾಗಿ ನಂಬಬೇಕು? ನನ್ನ ಕೈಗೆ ಪೆನ್ಸಿಲು ಕೊಟ್ಟರೆ ಮೊದಲು ರೈಲುಹಳಿ. ಹಳಿ ಸುಲಭಕ್ಕೆ ಜಾಗ ಬದಲಿಸುವುದಿಲ್ಲ, ದೊಡ್ಡ ತಿರುವುಗಳಲ್ಲೇ ಹೊರಳುತ್ತದೆ, ನಕ್ಷೆಯಲ್ಲಿ ಗೊಂದಲವಾಗುವಷ್ಟು ಹಳಿಗಳಿರುವುದೂ ಇಲ್ಲ. ನಮ್ಮ ಗೆರೆಗೂ ಬೆಂಗಳೂರು–ಮೈಸೂರು ಹಳಿಗೂ ಇರುವ ನಂಟು ಎಷ್ಟು ಚೆಂದವಾಗಿದೆ ನೋಡಿ: ಬಿಡದಿ, ರಾಮನಗರ, ಚನ್ನಪಟ್ಟಣದುದ್ದಕ್ಕೂ ಹಳಿ ಮೂರು ನಾಲ್ಕು ಮೈಲಿ ಎಡಕ್ಕೇ ಇರುತ್ತದೆ. ಮದ್ದೂರಿನ ಹತ್ತಿರ ಗೆರೆಯನ್ನು ದಾಟಿ ಬಲಕ್ಕೆ ಹೋಗುತ್ತದೆ, ಅಲ್ಲೇ ಶಿಂಷಾ ನದಿ. ಮಂಡ್ಯ ಬಲಕ್ಕೆ ಮೂರು ಮೈಲಿ. ಮದ್ದೂರಿಗೆ ಮುಂಚೆಯೇ ಹಳಿ ನಿಮ್ಮ ಕೆಳಗೆ ಹಾದು ಬಲಕ್ಕೆ ಹೋಯಿತೋ, ನೀವು ಎಡಕ್ಕೆ ಜಾರಿದ್ದೀರಿ ಎಂದೇ ಅರ್ಥ. ಒಂದು ಸಂಖ್ಯೆಯನ್ನೂ ಓದದೆ ಇಷ್ಟು ತಿಳಿಯುತ್ತದೆ. ರಸ್ತೆಯ ವಿಷಯಕ್ಕೆ ಬಂದರೆ ನನಗೆ ಅಷ್ಟು ವಿಶ್ವಾಸವಿಲ್ಲ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಇದೇ ಊರುಗಳ ಪಕ್ಕದಲ್ಲಿ ಬೈಪಾಸುಗಳನ್ನು ಹಾಯಿಸಿದೆ. ಹಳೆಯ ನಕ್ಷೆಯಲ್ಲಿ ಊರ ನಡುವೆ ಹೋಗುವ ದೊಡ್ಡ ರಸ್ತೆ ಈಗ ಊರ ಹೊರಗಿದೆ. ನಕ್ಷೆಯ ಮೂಲೆಯಲ್ಲಿರುವ ಮುದ್ರಣದ ತಾರೀಖನ್ನು ಓದದೆ ನಕ್ಷೆಯನ್ನು ಬಿಡಿಸಲೇಬಾರದು.

ಕೆರೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನವರು ಬರೆದ ಪುಸ್ತಕಗಳಲ್ಲಿ ಇದು ಇರುವುದಿಲ್ಲ. ಆ ಪುಸ್ತಕಗಳು ಜಲಾಶಯವನ್ನು ಒಳ್ಳೆಯ ಗುರುತು ಎನ್ನುತ್ತವೆ. ವರ್ಷವಿಡೀ ನೀರಿರುವ, ಆಕಾರ ಬದಲಾಗದ ಸರೋವರಗಳ ನಾಡಿಗೆ ಅದು ಸರಿ. ನಮ್ಮಲ್ಲಿ ನಕ್ಷೆಯಲ್ಲಿ ನೀಲಿಯಾಗಿರುವ ಕೆರೆ ಏಪ್ರಿಲ್ ಹೊತ್ತಿಗೆ ಬಿರುಕುಬಿಟ್ಟ ಕಂದು ನೆಲವಾಗಿರುತ್ತದೆ, ಇಲ್ಲವೇ ಜಾಲಿ ಬೆಳೆದು ಹಸಿರಾಗಿರುತ್ತದೆ. ಆದರೆ ನೀರು ಬತ್ತಿದರೂ ಏರಿ ಎಲ್ಲಿಗೂ ಹೋಗುವುದಿಲ್ಲ. ಮೇಲಿನಿಂದ ನೋಡಿದರೆ ಕೆರೆಯ ಒಂದು ಬದಿ ಮನುಷ್ಯ ಕಟ್ಟಿದ ಗೆರೆ, ಉಳಿದ ಬದಿ ನೆಲದ ಏರಿಳಿತ ಬರೆದ ಅಂಕುಡೊಂಕು. ಏರಿಯ ಕೆಳಗೆ ಅಚ್ಚುಕಟ್ಟು: ಗದ್ದೆ, ತೆಂಗು, ಅಡಿಕೆ. ಸುತ್ತಲಿನ ಹೊಲಗಳು ಒಣಗಿದ್ದಾಗಲೂ ಅಲ್ಲಿ ಒಂದು ಹಸಿರು ಪಟ್ಟಿ ಉಳಿದಿರುತ್ತದೆ. ಏರಿ ಯಾವ ದಿಕ್ಕಿಗೆ ಚಾಚಿದೆ, ಅಚ್ಚುಕಟ್ಟು ಅದರ ಯಾವ ಬದಿಗಿದೆ, ಕೋಡಿಯ ನೀರು ಯಾವ ಹಳ್ಳ ಸೇರಿ ಮುಂದಿನ ಕೆರೆಗೆ ಹೋಗುತ್ತದೆ, ಇವನ್ನು ಓದಬಲ್ಲವನಿಗೆ ಬತ್ತಿದ ಕೆರೆಯೂ ಗುರುತೇ. ಕೆರೆ ನೋಡಿ ಬೆಳೆದ ಹಳ್ಳಿಯ ಮಕ್ಕಳು ಇದನ್ನು ಹೇಳಿಕೊಡುವ ಮೊದಲೇ ಹಿಡಿದುಬಿಡುತ್ತಾರೆ. ಒಂದೇ ಕೆರೆಯನ್ನು ಮಾತ್ರ ನಂಬಬೇಡಿ. ಕೆರೆ, ಅದರ ಪಕ್ಕದ ಬೆಟ್ಟ, ಅವೆರಡರ ನಡುವಿನ ಹಳಿ, ಹೀಗೆ ಮೂರು ಸಾಕ್ಷಿ ಕೂಡಿದರೆ ಗುರುತು ಗಟ್ಟಿ.

ಗೆರೆಯ ಮೇಲೆ ನನಗೆ ಬಹಳ ಇಷ್ಟವಾದ ಜಾಗ ಸಾವನದುರ್ಗದ ಪಕ್ಕದ್ದು. ಆ ಒಂಟಿ ಬಂಡೆ ಹೊರಟ 20 ಮೈಲಿಗೆ ಬಲಗಡೆ 5 ಮೈಲಿ ದೂರದಲ್ಲಿ ಬರಬೇಕು. ಗಾಳಿಯ ಲೆಕ್ಕದ ಪ್ರಕಾರ 16ನೇ ನಿಮಿಷಕ್ಕೆ. ಆದರೆ ಅದು 14ನೇ ನಿಮಿಷಕ್ಕೇ ಬಲಕ್ಕೆ ಬಂತು, ಅದೂ 3 ಮೈಲಿಯಲ್ಲೇ ಎನ್ನಿ. ಹಾಗಿದ್ದರೆ ಗೆರೆಯಿಂದ ನೀವು 2 ಮೈಲಿ ಬಲಕ್ಕೆ ಸರಿದಿದ್ದೀರಿ. ಪೈಲಟ್‌ಗಳು ಬಾಯಿಪಾಠ ಮಾಡಿಕೊಳ್ಳುವ ‘60ಕ್ಕೆ 1’ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: 60 ಮೈಲಿ ಹೋದಾಗ ಒಂದು ಮೈಲಿ ಸರಿದಿದ್ದರೆ ಒಂದು ಡಿಗ್ರಿ ತಪ್ಪು. 20 ಮೈಲಿಗೆ 2 ಮೈಲಿ ಎಂದರೆ 6 ಡಿಗ್ರಿ. ಉಳಿದ 55 ಮೈಲಿಯಲ್ಲಿ ಆ 2 ಮೈಲಿಯನ್ನು ಮುಚ್ಚಿಕೊಳ್ಳಲು ಇನ್ನೂ 2 ಡಿಗ್ರಿ. ಒಟ್ಟು 8 ಡಿಗ್ರಿ ಎಡಕ್ಕೆ ತಿರುಗಿದರೆ ನೇರ ಮೈಸೂರಿಗೆ. ಇಷ್ಟಕ್ಕೆ ನಿಲ್ಲಬೇಡಿ. ಬೇಗ ಬಂದದ್ದೂ ಬಲಕ್ಕೆ ಸರಿದದ್ದೂ ಒಂದೇ ಕಥೆಯನ್ನು ಹೇಳುತ್ತಿವೆ: ಹವಾಮಾನ ವರದಿಯಲ್ಲಿದ್ದಷ್ಟು ಗಾಳಿ ಇವತ್ತು ಇಲ್ಲ. ಮೈಸೂರಿಗೆ ಹೇಳಬೇಕಾದ ಸಮಯವನ್ನೂ ಈಗಲೇ ತಿದ್ದಿಕೊಳ್ಳಿ. ಬಂಡೆಯೊಂದರಿಂದ ಕಣ್ಣಿಗೆ ಕಾಣದ ಗಾಳಿಯನ್ನು ಅಳೆದ ಈ ಗಳಿಗೆಗೆ ಸಮನಾದ ಸಂತೋಷ ನನಗೆ ಹಾರಾಟದಲ್ಲಿ ಬೇರೆ ಗೊತ್ತಿಲ್ಲ.

ಅದೇ ಬಂಡೆ ಎತ್ತರದ ಪಾಠವನ್ನೂ ಹೇಳುತ್ತದೆ. ಅದರ ನೆತ್ತಿ ಸಮುದ್ರಮಟ್ಟದಿಂದ 1,226 ಮೀಟರ್, ಅಡಿಗಳಲ್ಲಿ ನಾಲ್ಕು ಸಾವಿರಕ್ಕೆ ತುಸು ಹೆಚ್ಚು. ಪಶ್ಚಿಮದ ಕಡೆ ಕಣ್ಣಳತೆಯಲ್ಲಿ ಹಾರುವವರು ಸಮಸಂಖ್ಯೆಯ ಸಾವಿರಗಳಿಗೆ 500 ಸೇರಿಸಿದ ಎತ್ತರ ಹಿಡಿಯುವುದು ನಿಯಮ: 4,500 ಅಥವಾ 6,500. 4,500 ಸಾಕೆನಿಸಬಹುದು. ಆದರೆ ಬೆಂಗಳೂರಿನ ನೆಲವೇ ಸುಮಾರು 3,000 ಅಡಿ ಎತ್ತರದಲ್ಲಿದೆ. ಬಲಕ್ಕೆ ಸರಿದ ದಿನ ಸಾವನದುರ್ಗದ ನೆತ್ತಿಗೂ ನಿಮಗೂ ಐನೂರು ಅಡಿಯೂ ಉಳಿಯುವುದಿಲ್ಲ. 6,500ರಲ್ಲಿ ಹೋಗಿ. ದೂರದ ಗುರುತುಗಳೂ ಬೇಗ ಕಾಣುತ್ತವೆ, ರೇಡಿಯೋ ಚೆನ್ನಾಗಿ ಕೇಳುತ್ತದೆ, ಎಂಜಿನ್ ಕೈಕೊಟ್ಟರೆ ಹೊಲ ಆರಿಸಿಕೊಳ್ಳಲು ಹೊತ್ತೂ ಸಿಗುತ್ತದೆ.

ಗಡಿಯಾರ, ನಕ್ಷೆ, ನೆಲ ಬಿಟ್ಟರೆ ಬೇರೆ ಆಸರೆಯಿಲ್ಲದೆ ಹಾರಿದವರೂ ಇದ್ದರು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಅಂಚೆಯ ಚೀಲಗಳನ್ನು ಪುಸ್ ಮಾತ್ ವಿಮಾನದಲ್ಲಿ ತಂದರು. ಅಲ್ಲಿಂದ ಮದ್ರಾಸಿಗೆ ಅವನ್ನು ಒಯ್ದವರು ನೆವಿಲ್ ವಿನ್ಸೆಂಟ್, ನಡುವೆ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ವಿಮಾನದಲ್ಲಿ ರೇಡಿಯೋ ಇರಲಿಲ್ಲ, ನೆಲದಲ್ಲಿ ದಾರಿ ತೋರುವ ಉಪಕರಣಗಳೂ ಇರಲಿಲ್ಲ. ಆ ಕಾಲದಲ್ಲೇ ಅಮೆರಿಕದಲ್ಲಿ ಅಂಚೆ ವಿಮಾನದ ಪೈಲಟ್ ಎಲ್ರೇ ಜೆಪ್ಸನ್ ಹತ್ತು ಸೆಂಟಿನ ನೋಟ್‌ಬುಕ್ ಕೊಂಡು, ಬೆಟ್ಟಗಳ ಎತ್ತರ, ಇಳಿಯುವ ಮೈದಾನಗಳ ಅಳತೆ, ಹವೆ ಹೇಗಿದೆಯೆಂದು ಕೇಳಲು ದಾರಿಯ ರೈತರ ಫೋನ್ ನಂಬರು, ಎಲ್ಲವನ್ನೂ ಬರೆದಿಟ್ಟುಕೊಂಡ. 1934ರಿಂದ ಅದರ ಪ್ರತಿಗಳನ್ನು ಹತ್ತು ಡಾಲರಿಗೆ ಮಾರತೊಡಗಿದ. ಜಗತ್ತಿನ ವಿಮಾನಯಾನ ಸಂಸ್ಥೆಗಳು ಇಂದು ಬಳಸುವ ಜೆಪ್ಸನ್ ಚಾರ್ಟುಗಳ ಮೂಲ ಆ ನೋಟ್‌ಬುಕ್ಕು.

ಟ್ಯಾಬ್ಲೆಟ್ಟಿನಲ್ಲಿ ವಿಮಾನದ ಚಿತ್ರ ತಾನೇ ಸರಿಯುತ್ತಿರುವಾಗ ಇದೆಲ್ಲ ಏಕೆ ಎಂದು ಕೇಳುತ್ತಾರೆ. ಜಿಪಿಎಸ್ ನೀವು ಎಲ್ಲಿದ್ದೀರಿ ಎಂಬುದನ್ನು ನನಗಿಂತ, ನಿಮಗಿಂತ ನಿಖರವಾಗಿ ಹೇಳುತ್ತದೆ, ಅದನ್ನು ಬಳಸಬೇಕು. ಆದರೆ ಮೊದಲ ಸೋಲೋ ಕ್ರಾಸ್ ಕಂಟ್ರಿಗಳಲ್ಲಿ ಅದನ್ನು ಚೀಲದೊಳಗಿಟ್ಟು, ತುರ್ತಿಗೆ ಮಾತ್ರ ತೆಗೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಪರದೆ ನೋಡುತ್ತ ಹೋದವನಿಗೆ ಮುಂದೇನು ಬರಲಿದೆ ಎಂಬ ನಿರೀಕ್ಷೆ ಹುಟ್ಟುವುದಿಲ್ಲ. ನಿರೀಕ್ಷೆಯಿಲ್ಲದವನಿಗೆ ತಪ್ಪಾದದ್ದೂ ತಿಳಿಯುವುದಿಲ್ಲ, ಅವನ ಕಣ್ಣು ಹೊರಗಿನ ಇನ್ನೊಂದು ವಿಮಾನವನ್ನು ಕಾಣುವುದೂ ಕಡಿಮೆ.

ಇಷ್ಟೆಲ್ಲ ಮಾಡಿಯೂ ದಾರಿ ತಪ್ಪಿದರೆ? ಹೆಡಿಂಗ್, ಅಂದರೆ ಮೂತಿ ಹಿಡಿದ ದಿಕ್ಕು, ಬದಲಿಸಬೇಡಿ. ಅತ್ತಿತ್ತ ತಿರುಗಿದವನ ಬಳಿ ಲೆಕ್ಕಕ್ಕೆ ಏನೂ ಉಳಿಯುವುದಿಲ್ಲ. ಕೊನೆಯ ಗಟ್ಟಿ ಗುರುತಿನಿಂದ ಎಷ್ಟು ಹೊತ್ತಾಯಿತು ನೋಡಿ, ಈಗ ಇರಬೇಕಾದ ಬಿಂದು ಹಾಕಿ, ಹಾರಿದ ದೂರದ ಹತ್ತನೇ ಒಂದು ಭಾಗದಷ್ಟು ತ್ರಿಜ್ಯದ ವೃತ್ತ ಬರೆಯಿರಿ. ನೀವು ಬಹುಮಟ್ಟಿಗೆ ಅದರೊಳಗೇ ಇದ್ದೀರಿ. ಆ ವೃತ್ತದೊಳಗಿನ ದೊಡ್ಡ ಗುರುತುಗಳನ್ನಷ್ಟೇ ನೆಲದಲ್ಲಿ ಹುಡುಕಿ. ಸಿಗದಿದ್ದರೆ ಮೇಲೇರಿ, ರೇಡಿಯೋದಲ್ಲಿ ದಾರಿ ತಪ್ಪಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ. ಇಂಧನ ಇರುವಾಗ ಹೇಳಿದರೆ ಅದು ಸಣ್ಣ ವಿಷಯ.

ಮೈಸೂರು ಹತ್ತಿರವಾದಾಗ ಹೊಸಬರು ಮಾಡುವುದು ನಗರವನ್ನು ಹುಡುಕಿ ಅದರತ್ತ ತಿರುಗುವುದು. ನಿಲ್ದಾಣ ನಗರದ ದಕ್ಷಿಣಕ್ಕೆ, ನಂಜನಗೂಡು ರಸ್ತೆಯ ಬದಿಗಿದೆ. ರನ್‌ವೇ ಪೂರ್ವಪಶ್ಚಿಮವಾಗಿ ಮಲಗಿದೆ, 09 ಮತ್ತು 27. ಈಶಾನ್ಯದಿಂದ ಬರುವವನಿಗೆ ಅದು ಓರೆಯಾಗಿ, ತೆಳ್ಳಗೆ, ತೀರ ಹತ್ತಿರ ಬಂದ ಮೇಲೆ ಕಾಣುತ್ತದೆ. ಆದ್ದರಿಂದ ರನ್‌ವೇಗೂ ಮೊದಲು ಚಾಮುಂಡಿ ಬೆಟ್ಟವನ್ನು ಹುಡುಕಿ. ನಿಲ್ದಾಣ ಬೆಟ್ಟದ ದಕ್ಷಿಣಕ್ಕೆ ಮೂರು ಮೈಲಿಯೊಳಗೇ ಇದೆ, ಗೆರೆಯ ಮೇಲೇ ಇದ್ದರೆ ಬೆಟ್ಟ ನಿಮ್ಮ ಬಲಗಡೆಗೆ ಬರಬೇಕು. ಎಡಕ್ಕೆ ಬಂದರೆ ನೀವು ನಗರದ ಮೇಲಿದ್ದೀರಿ. ಇಳಿದ ಮೇಲೆ ಮುಟ್ಟಿದ ಸಮಯವನ್ನು ಲಾಗಿನಲ್ಲಿ ಬರೆದು, ದಾರಿಯಲ್ಲಿ ನೀವೇ ಅಳೆದ ಗಾಳಿಯನ್ನು ಹಿಡಿದು ವಾಪಸು ಪಯಣದ ಹೆಡಿಂಗನ್ನು ಹೊಸದಾಗಿ ಲೆಕ್ಕ ಹಾಕಿ. ಬೆಳಿಗ್ಗೆ ಜಕ್ಕೂರಿನಲ್ಲಿ ಬರೆದುಕೊಂಡು ಬಂದ ಸಂಖ್ಯೆ ಈಗ ಹಳತಾಗಿದೆ.