ಫ್ಯಾನು ತಿರುಗುವ ಕೋಣೆಗೆ ಯಾವ ಹೆಡ್‌ಫೋನ್?

ಹೆಡ್‌ಫೋನ್ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಕೇಳುವವರ ಕೋಣೆ ತಣ್ಣಗಿದೆ, ಸದ್ದಿಲ್ಲದೆ ಇದೆ ಎಂದೇ ನಂಬಿ ಬರೆದವು. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಗಿಟಾರ್ ಹಿಡಿದು ಕೂತವರಿಗೆ ಈ ಎರಡೂ ಭಾಗ್ಯ ಇಲ್ಲ. ಹೊರಗೆ ನಲವತ್ತು ಡಿಗ್ರಿ ಮೀರಿದ ಬಿಸಿಲು, ಒಳಗೆ ಫ್ಯಾನು, ಕೂಲರ್. ಕೌಲ್‌ಬಜಾರಿನ ಒತ್ತೊತ್ತಾದ ಮನೆಗಳಲ್ಲಿ ಪಕ್ಕದವರ ಟಿ.ವಿ. ನಮ್ಮ ಕೋಣೆಯಲ್ಲೇ ಇದ್ದಂತೆ ಕೇಳುತ್ತದೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಸದ್ದು, ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆ ಬಂತೆಂದರೆ ಮೈಕಿನ ಸದ್ದು. ಇಂಥ ಕಡೆ ಹೆಡ್‌ಫೋನ್ ಆರಿಸುವಾಗ ನೋಡಬೇಕಾದ ಗುಣಗಳ ಸರದಿಯೇ ಬದಲಾಗುತ್ತದೆ. ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ, ವೈರ್ ಹೇಗಿದೆ, ಕಿವಿಯ ಮೇಲೆ ಕೂರುವ ಕುಶನ್ ಎಂಥದ್ದು, ಇವು ಮೊದಲು. ನಾದದ ನುಣುಪು ಆಮೇಲೆ. ನನ್ನ ವಾದ ಇಷ್ಟೇ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಮೊದಲು ಬ್ಲೂಟೂತ್ ಮಾತು ಮುಗಿಸಿಬಿಡೋಣ. ಹಾಡು ಕೇಳಲು ಅದು ಚೆನ್ನ, ಗಿಟಾರ್ ನುಡಿಸಲು ಅಲ್ಲ. ತಂತಿ ಮೀಟಿದ ಮೇಲೆ ಸದ್ದು ಕಿವಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್ ಕಳೆದಿರುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಆ ಲೆಕ್ಕದಲ್ಲಿ 200 ಮಿಲಿಸೆಕೆಂಡ್ ಎಂದರೆ ಆಂಪ್ಲಿಫೈಯರನ್ನು ಸುಮಾರು 69 ಮೀಟರ್ ಆಚೆ ಇಟ್ಟು ನುಡಿಸಿದ ಹಾಗೆ. ಹೀಗೆ ಅಭ್ಯಾಸ ಮಾಡಿದ ಹುಡುಗರ ಕೈ ತಾಳಕ್ಕಿಂತ ಮುಂದೆ ಓಡುವುದನ್ನು ಕಲಿತುಬಿಡುತ್ತದೆ, ಅದನ್ನು ತಿದ್ದಲು ತಿಂಗಳುಗಳೇ ಬೇಕು. ಗಿಟಾರಿಗೆಂದೇ ತಯಾರಾದ ಬಾಸ್ ವಾಜಾ-ಏರ್ ತರಹದ ವೈರ್‌ಲೆಸ್ ಹೆಡ್‌ಫೋನ್‌ಗಳು ಬ್ಲೂಟೂತನ್ನು ಬದಿಗಿಟ್ಟು ಬೇರೆ ದಾರಿಯಲ್ಲಿ ಈ ತೊಡಕು ಬಿಡಿಸಿವೆ. ಅವುಗಳ ಬೆಲೆ ಮಾತ್ರ ಕಲಿಯುವವರ ಕೈಗೆಟುಕುವಂಥದ್ದಲ್ಲ. ವೈರ್ ಇರುವುದನ್ನೇ ಕೊಳ್ಳಿ.

ಆಯ್ಕೆಯ ನಿಜವಾದ ಕಷ್ಟ ಓಪನ್ ಬ್ಯಾಕ್, ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ನಡುವೆ. ಹಿಂಬದಿಗೆ ಜಾಲರಿ ಇರುವ ಓಪನ್ ಬ್ಯಾಕ್‌ನಲ್ಲಿ ಗಾಳಿಯಾಡುತ್ತದೆ, ಕಿವಿ ಬೆವರುವುದು ಕಡಿಮೆ, ಗಿಟಾರ್ ಎದುರಿಗೇ ಕೂತು ನುಡಿದಂತಿರುತ್ತದೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಇವತ್ತಿಗೂ ಈ ಬಗೆಯಲ್ಲಿ ಮಾದರಿ, ಅದರ ಮಧ್ಯ ಸ್ಥಾಯಿಯ ಸಹಜತೆಗೆ ಸಾಟಿ ಸಿಗುವುದು ಅಪರೂಪ. ಬಿಸಿಲೂರಿನವರಿಗೆ ಇದೇ ಸರಿ ಅನ್ನಿಸಬಹುದು. ಆದರೆ ಆ ಜಾಲರಿಯಿಂದ ಫ್ಯಾನಿನ ಸದ್ದು ಒಳಗೆ ಬರುತ್ತದೆ, ಹೆಡ್‌ಫೋನಿನ ಸದ್ದು ಹೊರಗೆ ಹೋಗುತ್ತದೆ. ಎಚ್‌ಡಿ 600ರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್, ಮೊಬೈಲಿಗೆ ಚುಚ್ಚಿದರೆ ಸೋತ ದನಿ.

ಸದ್ದು ಹೊರಗೆ ಹೋಗುವುದು ಎಂಥ ಅನಾಹುತ ಎಂಬುದು ರೆಕಾರ್ಡಿಂಗ್ ಮಾಡಿದವರಿಗೇ ಗೊತ್ತು. ಅಕೌಸ್ಟಿಕ್ ಗಿಟಾರ್ ಮುಂದೆ ಮೈಕ್ ಇಟ್ಟು, ಕಿವಿಯಲ್ಲಿ ಮೆಟ್ರೊನೋಮ್ ಹಾಕಿಕೊಂಡು ನುಡಿಸುತ್ತೇವೆ. ನುಡಿಸುವಾಗ ಏನೂ ತಿಳಿಯುವುದಿಲ್ಲ. ಟೇಕ್ ಮುಗಿದು, ಕೊನೆಯ ಕಾರ್ಡ್ ಮೆಲ್ಲಗೆ ಕರಗುತ್ತಿರುವ ನಾಲ್ಕು ಸೆಕೆಂಡಿನಲ್ಲಿ ಅದರ ಹಿಂದಿನಿಂದ ಟಿಕ್, ಟಿಕ್, ಟಿಕ್ ಎಂದು ಸಣ್ಣಗೆ ಕೇಳಿಸುತ್ತದೆ. ಯಾವ ಸಾಫ್ಟ್‌ವೇರ್ ಹಾಕಿದರೂ ಆ ಟಿಕ್ ತೆಗೆದಾಗ ತಂತಿಯ ಉಸಿರೂ ಸ್ವಲ್ಪ ಹೋಗುತ್ತದೆ. ಹಾಡುವವರು ತಮ್ಮ ದನಿ ಕೇಳಲೆಂದು ಒಂದು ಕಿವಿಯ ಕಪ್ಪನ್ನು ಸರಿಸಿಕೊಂಡರಂತೂ ಕ್ಲೋಸ್ಡ್ ಬ್ಯಾಕ್‌ನಲ್ಲೂ ಇದೇ ಗತಿ. ಅದಕ್ಕೇ ಒಂದೇ ಜೊತೆ ಕೊಳ್ಳುವವರಿಗೆ ನನ್ನ ಸಲಹೆ ಕ್ಲೋಸ್ಡ್ ಬ್ಯಾಕ್.

ಇನ್ನು ಸೆಕೆ. ಕ್ಲೋಸ್ಡ್ ಬ್ಯಾಕ್‌ಗಳಲ್ಲಿ ಹೆಚ್ಚಿನವಕ್ಕೆ ರೆಕ್ಸಿನ್ ಕುಶನ್ ಇರುತ್ತದೆ. ನಮ್ಮ ಬೆವರಿಗೆ, ಧೂಳಿಗೆ ಅದು ಒಂದೆರಡು ಬೇಸಿಗೆಯಲ್ಲೇ ಸುಲಿಯತೊಡಗುತ್ತದೆ, ಕರಿ ಚೂರುಗಳು ಕಿವಿಗೆ, ಕೆನ್ನೆಗೆ ಅಂಟುತ್ತವೆ. ಕುಶನ್ ಸವೆದರೆ ಕಿವಿಯ ಸುತ್ತ ಸಂದು ಬೀಳುತ್ತದೆ, ಮಂದ್ರದ ಸ್ವರಗಳು ಸೋರಿಹೋಗುತ್ತವೆ. ಹಾಗಾಗಿ ಕುಶನ್ ಬಿಡಿಯಾಗಿ ಸಿಗದ ಹೆಡ್‌ಫೋನನ್ನು, ಅದು ಎಷ್ಟೇ ಚೆನ್ನಾಗಿ ನುಡಿಯಲಿ, ನಾನು ಒಪ್ಪುವುದಿಲ್ಲ.

ಈ ಕಣ್ಣಿನಿಂದ ನೋಡಿದರೆ ಆಡಿಯೊ-ಟೆಕ್ನಿಕಾದ ಎಂ40ಎಕ್ಸ್ ಮುಂದೆ ನಿಲ್ಲುತ್ತದೆ. 35 ಓಮ್, ಹಾಗಾಗಿ ಮೊಬೈಲಿಗೂ, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್‌ಗೂ ಒಗ್ಗುತ್ತದೆ. ವೈರ್ ಬಿಚ್ಚಿ ಬದಲಿಸಬಹುದು. ಅದರ ಅಣ್ಣ ಎಂ50ಎಕ್ಸ್‌ಗೆ ಹೆಸರು ದೊಡ್ಡದು, 45 ಮಿಲಿಮೀಟರ್ ಡ್ರೈವರ್, ಕೇಳಿದ ಕೂಡಲೇ ಖುಷಿ ಕೊಡುತ್ತದೆ. ಆ ಖುಷಿಗೆ ಕಾರಣ ಉಬ್ಬಿಸಿದ ಬಾಸ್. ಮಾಡಿದ ತಪ್ಪು ಕಿವಿಗೆ ಬೀಳಬೇಕಾದ ಅಭ್ಯಾಸದ ಹೊತ್ತಿನಲ್ಲಿ ಅದು ಅನುಕೂಲವಲ್ಲ. ಎಂ20ಎಕ್ಸ್ ಅಗ್ಗ, ಕಲಿಯುವವರಿಗೆ ಸಾಕು, ಆದರೆ 3 ಮೀಟರ್ ವೈರ್ ಕಪ್ಪಿಗೇ ಅಂಟಿಕೊಂಡಿದೆ. ಕುರ್ಚಿಯ ಗಾಲಿ ಒಂದು ಸಲ ಅದರ ಮೇಲೆ ಹರಿದರೆ ಬೆಸುಗೆ ಹಾಕುವವರನ್ನು ಹುಡುಕಬೇಕು. ಸೋನಿ ಎಂಡಿಆರ್-7506 1991ರಿಂದ ಸ್ಟುಡಿಯೋಗಳಲ್ಲಿ ದುಡಿಯುತ್ತಿದೆ. ತಂತಿಯ ಮೇಲೆ ಬೆರಳು ಜಾರಿದ ಕೀರಲನ್ನೂ ಬಿಡದೆ ಹಿಡಿಯುತ್ತದೆ. ಅದರ ದನಿ ಚೂಪು, ತಾಸುಗಟ್ಟಲೆ ಕೇಳಿದರೆ ತಲೆ ಹಿಡಿಯುತ್ತದೆ. ಎಕೆಜಿ ಕೆ240 ಸೆಮಿ-ಓಪನ್, ನಮ್ಮ ಫ್ಯಾನಿಗೆ ಆಗದು.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರಿಗೆ ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ. ಕ್ಲೋಸ್ಡ್ ಬ್ಯಾಕ್ ಆದರೂ ಅದರ 80, 250 ಓಮ್ ಮಾದರಿಗಳ ಕುಶನ್ ಮಖಮಲ್ಲಿನದು. ರೆಕ್ಸಿನ್ನಿನ ಹಾಗೆ ಬೆವರಿಗೆ ಅಂಟುವುದಿಲ್ಲ, ಸವೆದರೆ ಬದಲಿಸಬಹುದು. ಬಳ್ಳಾರಿಯ ಬೇಸಿಗೆಗೆ ಕ್ಲೋಸ್ಡ್ ಬ್ಯಾಕ್‌ಗಳಲ್ಲಿ ನನ್ನ ಮಟ್ಟಿಗೆ ಇದೇ ಉತ್ತಮ. 32, 80, 250 ಓಮ್‌ಗಳಲ್ಲಿ ಬರುತ್ತದೆ. ಇಂಟರ್‌ಫೇಸ್ ಇದ್ದರೆ 80 ತೆಗೆದುಕೊಳ್ಳಿ, 250ರ ಗೋಜಿಗೆ ಹೋಗಬೇಡಿ. ಇದರಲ್ಲೂ ವೈರ್ ಬಿಚ್ಚಲು ಬರುವುದಿಲ್ಲ ಎಂಬ ಕೊರತೆ ಇದೆ, ತಾರದ ಸ್ವರಗಳು ತುಸು ಮೊನಚು.

ಒಳ್ಳೆಯ ಹೆಡ್‌ಫೋನ್ ತಂದ ಮೇಲೂ ಡಿಸ್ಟಾರ್ಷನ್ ಹಾಕಿದ ಎಲೆಕ್ಟ್ರಿಕ್ ಗಿಟಾರ್ ನಮ್ಮೂರ ಜೀನ್ಸ್ ಹೊಲಿಗೆ ಮಷಿನ್ನಿನಂತೆ ಕೇಳಿದರೆ ದೋಷ ಹೆಡ್‌ಫೋನಿನದಲ್ಲ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಆದಮೇಲೆ ದನಿಯನ್ನು ತಾನಾಗಿ ಕಡಿಮೆ ಮಾಡುತ್ತದೆ, ಹೆಡ್‌ಫೋನ್ 20,000ದವರೆಗೂ ಬಿಚ್ಚಿಡುತ್ತದೆ. ಆದ್ದರಿಂದ ಮಧ್ಯೆ ಆ ಸ್ಪೀಕರಿನ ಗುಣವನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಬೇಕೇ ಬೇಕು. ಮೊಬೈಲ್ ಆ್ಯಪ್‌ಗಳಲ್ಲೂ ಸಿಗುತ್ತದೆ. ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್‌ನಲ್ಲಿ ಗಿಟಾರ್ ಒಂದೇ ಕಿವಿಗೆ ಬಂದರೂ ಗಾಬರಿಯಾಗಿ ವಾಪಸ್ ಕಳಿಸಬೇಡಿ, ಡೈರೆಕ್ಟ್ ಮಾನಿಟರಿಂಗ್ ಮೋನೊಗೆ ಹಾಕಿದರೆ ಸರಿಹೋಗುತ್ತದೆ.

ಗುಂಯ್ ಎನ್ನುವ 50 ಹರ್ಟ್ಸ್ ಸದ್ದಿನ ಕಥೆ ಬೇರೆ. ಆಂಪಿನಲ್ಲಿ ಗಮನಕ್ಕೆ ಬಾರದ್ದು ಹೆಡ್‌ಫೋನಿನಲ್ಲಿ ಎದ್ದು ಕೇಳುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ನಿಂತರೆ ಮನೆಯ ಅರ್ಥಿಂಗ್ ನೋಡಿಸಿ. ಬೇಸಿಗೆಯಲ್ಲಿ ನಮ್ಮ ನೆಲ ಒಣಗಿ ಅರ್ಥಿಂಗ್ ಗುಂಡಿಯ ತೇವ ಆರಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಉಪ್ಪು, ಇದ್ದಿಲು ಹಾಕಿಸಿ ನೀರು ಹೊಯ್ಯಿಸಿದರೆ ಗಿಟಾರಿಗೂ ಒಳ್ಳೆಯದು, ಮನೆಯವರ ಜೀವಕ್ಕೂ ಒಳ್ಳೆಯದು. ಜರ್ ಎನ್ನುವ ಸದ್ದಾದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಪೂರ್ತಿ ಸ್ಪೀಡಿಗೆ ತಿರುಗಿಸಿದರೆ ಎಷ್ಟೋ ಸಲ ನಿಲ್ಲುತ್ತದೆ.

ಮಿಕ್ಸಿಂಗ್‌ಗೆ ಹೆಡ್‌ಫೋನ್ ಒಂದನ್ನೇ ನಂಬಬೇಡಿ. ಸ್ಪೀಕರಿನಲ್ಲಿ ಎಡಗಡೆಯ ಸದ್ದು ಎರಡೂ ಕಿವಿಗೆ ಬರುತ್ತದೆ, ಹೆಡ್‌ಫೋನಿನಲ್ಲಿ ಎಡಕ್ಕೆ ಮಾತ್ರ. ನಾವು ಮಾಡಿದ ಹಾಡನ್ನು ಹೆಚ್ಚಿನ ಜನ ಕೇಳುವುದು ಮೊಬೈಲ್ ಸ್ಪೀಕರಿನಲ್ಲಿ, ಅಲ್ಲೂ ಕಾರಿನಲ್ಲೂ ಒಮ್ಮೆ ಹಾಕಿ ನೋಡಿ.

ಹೊರಗಿನ ಸದ್ದು ತಡೆಯುವ ಗುಣಕ್ಕೆ ಮೊದಲ ಸ್ಥಾನ ಕೊಟ್ಟದ್ದಕ್ಕೆ ಇನ್ನೊಂದು ಕಾರಣ ಕಿವಿಯ ಆರೋಗ್ಯ. ಕೂಲರ್ ಸದ್ದಿನ ಮೇಲೆ ಗಿಟಾರ್ ಕೇಳಿಸಲೆಂದು ವಾಲ್ಯೂಮ್ ಏರಿಸುತ್ತಲೇ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕಿಳಿಯುತ್ತದೆ. ನುಡಿಸಿ ಎದ್ದ ಮೇಲೆ ಕಿವಿಯಲ್ಲಿ ಕುಂಯ್ ಎನ್ನುತ್ತಿದ್ದರೆ ಅವತ್ತು ಮಿತಿ ಮೀರಿದೆ.

ಕೊನೆಗೆ ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಯವರಲ್ಲಿ, ಸಂಗೀತದ ಸಾಮಾನು ಮಾರುವವರಲ್ಲಿ ಒಂದು ಮನವಿ. ಸಿರುಗುಪ್ಪದಿಂದ, ಕುರುಗೋಡಿನಿಂದ ಬಸ್ ಹತ್ತಿ ಬರುವ ಹುಡುಗ ಹುಡುಗಿಯರು ಡಬ್ಬಿಯ ಮೇಲಿನ ಚಿತ್ರ ನೋಡಿ ದುಡ್ಡು ಕೊಡಬೇಕಾಗಿದೆ. ಒಂದೆರಡು ಹೆಡ್‌ಫೋನ್‌ಗಳನ್ನು ಡಬ್ಬಿ ಬಿಚ್ಚಿ ಇಡಿ, ಜೊತೆಗೆ ಒಂದು ಗಿಟಾರ್, ಒಂದು ಪುಟ್ಟ ಆಂಪ್. ಹತ್ತು ನಿಮಿಷ ಹಾಕಿಕೊಂಡು ನುಡಿಸಲು ಬಿಡಿ. ಅಂಗಡಿಯ ಫ್ಯಾನು ಮಾತ್ರ ಆರಿಸಬೇಡಿ.