ದುಭಾಷಿಯ ಮೀಟರ್ ಎಲ್ಲಿಂದ ಓಡಬೇಕು?

"ಟಿಕೆಟ್ ನಾವೇ ಮಾಡಿಸ್ತೀವಿ ಮೇಡಂ. ಹೋಟೆಲ್ ನಮ್ಮದೇ, ಊಟ ನಮ್ಮ ಜೊತೆ. ಮೇಲೆ ಖರ್ಚಿಗೆ ಅಂತ ಏನೋ ಕೊಡೋಣ. ಹೇಗೂ ಜರ್ಮನಿ ನೋಡಿದ ಹಾಗೂ ಆಯ್ತಲ್ಲ?"

2023ರ ಬೇಸಿಗೆಯಲ್ಲಿ ಪೀಣ್ಯದ ಕಾರ್ಖಾನೆ ಮಾಲೀಕರೊಬ್ಬರು ಫೋನಿನಲ್ಲಿ ಹೇಳಿದ್ದು ಇದು. ಸೆಪ್ಟೆಂಬರ್ 18ರಿಂದ 23ರವರೆಗೆ ಹ್ಯಾನೋವರ್‌ನಲ್ಲಿ ಇಎಂಒ ಯಂತ್ರೋಪಕರಣ ಮೇಳವಿತ್ತು. ಜೊತೆಗೆ ಬರಲು ಅವರಿಗೆ ಜರ್ಮನ್ ಬಲ್ಲ ದುಭಾಷಿ ಬೇಕಿತ್ತು. ಮಾತಿನಲ್ಲಿ ಮೋಸವೇನೂ ಇರಲಿಲ್ಲ. ನೆಂಟರ ಮನೆಯ ಹುಡುಗಿಯನ್ನು ಧರ್ಮಸ್ಥಳಕ್ಕೆ ಕರೆದಷ್ಟೇ ಅಕ್ಕರೆಯಿಂದ ಕರೆದರು. ನನ್ನ ತಕರಾರು ಇರುವುದು ಆ "ಏನೋ" ಎಂಬ ಪದದ ಮೇಲೆ. ವಿದೇಶದಲ್ಲಿ ದುಭಾಷಿ ಕೆಲಸ ಮಾಡುವವರ ಫೀ ಇಂದಿಗೂ ಹೆಚ್ಚಾಗಿ ಈ "ಏನೋ"ದ ಒಳಗೇ ಇದೆ.

ಅದೇ ಮಾಲೀಕರು ಹಾಸನಕ್ಕೆ ಟ್ಯಾಕ್ಸಿ ಹೇಳಿದರೆ ಲೆಕ್ಕ ಬಾಯಿಪಾಠ. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್, ಮೀಟರ್ ಓಡುವುದು ಶೆಡ್ಡಿನಿಂದ ಶೆಡ್ಡಿಗೆ, ಡ್ರೈವರ್ ಬಾಟಾ ಬೇರೆ, ಟೋಲು ಬೇರೆ. ಅಲ್ಲೇ ಇಳಿದುಕೊಂಡರೂ ವಾಪಸು ದಾರಿಯ ದುಡ್ಡು ಕೊಡಲೇಬೇಕು. ಮದುವೆ ಛತ್ರದ ಮುಂದೆ ಗಾಡಿ ನಾಲ್ಕು ಗಂಟೆ ಸುಮ್ಮನೆ ನಿಂತಿತ್ತಲ್ಲ, ಅದನ್ನು ಕಳೆಯಿರಿ ಎಂದು ಯಾರೂ ಚೌಕಾಸಿ ಮಾಡುವುದಿಲ್ಲ. ಗಾಡಿ ಒಬ್ಬರಿಗಾಗಿ ನಿಂತಿದೆ ಎಂದರೆ ಇನ್ನೊಬ್ಬರಿಗೆ ಓಡುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಎಲ್ಲಿಗೆ ಹೋಗುತ್ತದೋ ಕಾಣೆ.

ಇದೇ ಶೆಡ್ಡಿನ ಲೆಕ್ಕವನ್ನು ಯುರೋಪಿನ ದುಭಾಷಿಗಳು ಎಂದೋ ಬರೆದಿಟ್ಟುಕೊಂಡರು. ಸಮ್ಮೇಳನ ದುಭಾಷಿಗಳ ಅಂತರರಾಷ್ಟ್ರೀಯ ಸಂಘ ಎಐಐಸಿ 1953ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಅದರ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಜಾಣತನದ್ದು ಎನಿಸುವುದು 'ವೃತ್ತಿ ವಿಳಾಸ'. ನನ್ನ ಕೆಲಸದ ಊರು ಇದು ಎಂದು ಪ್ರತಿಯೊಬ್ಬರೂ ಒಂದೇ ಊರನ್ನು ಹೇಳಬೇಕು, ಮನಸ್ಸು ಬಂದಾಗಲೆಲ್ಲ ಬದಲಿಸುವಂತಿಲ್ಲ. ಟಿಕೆಟ್, ದಿನಭತ್ಯೆ, ದಾರಿಯಲ್ಲಿ ಕಳೆದ ದಿನದ ಪರಿಹಾರ ಎಲ್ಲವೂ ಆ ಊರಿನಿಂದ ಲೆಕ್ಕ. ನಮ್ಮ ಟ್ಯಾಕ್ಸಿಯವರ ಶೆಡ್ಡೇ, ಫ್ರೆಂಚ್ ಕೋಟು ತೊಟ್ಟಿದೆ ಅಷ್ಟೆ.

ಆದರೆ ಶೆಡ್ಡು ಎಲ್ಲಿದೆ ಎಂಬುದರ ಮೇಲೆಯೇ ಬಾಡಿಗೆ ಸಿಗುವುದೋ ಇಲ್ಲವೋ ತೀರ್ಮಾನವಾಗುತ್ತದೆ. ಜಿನೀವಾದ ಸಭೆಗೆ ಜಿನೀವಾದವರೇ ಅಗ್ಗ. ದೂರದಲ್ಲಿರುವವರು ಆಗ ಏನು ಮಾಡುತ್ತಾರೆ? ಸುಳ್ಳು ಹೇಳುತ್ತಾರೆ. ನಾನೂ ಹೇಳಿದ್ದೇನೆ. ಮ್ಯೂನಿಕ್‌ನಲ್ಲಿ ಎರಡು ದಿನದ ಕೆಲಸವೊಂದು ಕಣ್ಣಿಗೆ ಬಿದ್ದಾಗ "ಆ ವಾರ ಅಲ್ಲೇ ಇರುತ್ತೇನೆ, ಪ್ರಯಾಣದ ಖರ್ಚು ಬೇಡ" ಎಂದು ಬರೆದೆ. ಬರೆದದ್ದು ಮಲ್ಲೇಶ್ವರದಲ್ಲಿ ಕೂತು. ಟಿಕೆಟ್, ವೀಸಾ, ವಿಮೆ ಕಳೆದ ಮೇಲೆ ಕೈಗೆ ಉಳಿದದ್ದು ಏರ್‌ಪೋರ್ಟ್ ಬಸ್ಸಿನ ದುಡ್ಡು. ನಷ್ಟ ನನ್ನದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಬೆಂಗಳೂರಿನವರು ದಾರಿ ಖರ್ಚಿಲ್ಲದೆ ಬರುತ್ತಾರೆ ಎಂಬ ರೂಢಿಗೆ ನಾನೇ ಮೊದಲ ಕಲ್ಲಿಟ್ಟ ಹಾಗಾಯಿತು. ಮುಂದಿನ ಸಲ ಅಲ್ಲಿಗೆ ಸತ್ಯದ ಲೆಕ್ಕ ಕಳಿಸಿದ ಗೆಳತಿ ಅವರ ಕಣ್ಣಿಗೆ ದುರಾಸೆಯವಳಾಗಿ ಕಂಡಳು.

ಹಾಗಾದರೆ ಸಂಘವೇ ಎಲ್ಲರಿಗೂ ಒಂದು ದರ ಕಟ್ಟಿಬಿಡಬಾರದೇ? ಎಐಐಸಿ ಅದನ್ನೂ ಮಾಡಿ ನೋಡಿತು, ಪೆಟ್ಟೂ ತಿಂದಿತು. ಕನಿಷ್ಠ ದಿನದ ಫೀ, ದಿನಭತ್ಯೆ, ಪ್ರಯಾಣದ ಪರಿಹಾರಗಳನ್ನು ಸದಸ್ಯರೆಲ್ಲ ಸೇರಿ ಗೊತ್ತುಮಾಡಿಕೊಳ್ಳುವುದು ಬೆಲೆ ಕೂಟ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1994ರಲ್ಲಿ ದೂರು ಹೂಡಿತು. 1997ರಲ್ಲಿ ಸಂಘದ ವಿರುದ್ಧ ಆದೇಶವೂ ಬಂತು. ಆದರೆ ದಿನಕ್ಕೆ ಎಷ್ಟು ಹೊತ್ತು ಕೆಲಸ, ದುಭಾಷಿಗಳು ಕೂತು ಮಾತಾಡುವ ಬೂತಿನಲ್ಲಿ ಎಷ್ಟು ಜನ ಎಂಬ ನಿಯಮಗಳ ಮೇಲಿನ ಆರೋಪವನ್ನು ಕಮಿಷನ್ ಕೈಬಿಟ್ಟಿತು. ಬೂತಿನಲ್ಲಿ ಕೂತವರು ಅರ್ಧ ಗಂಟೆಗೊಮ್ಮೆ ಮೈಕ್ ಬದಲಿಸಿಕೊಳ್ಳದಿದ್ದರೆ ಕಿವಿಯೂ ನಾಲಿಗೆಯೂ ಒಟ್ಟಿಗೆ ಕೈಕೊಡುತ್ತವೆ, ಅದನ್ನು ಯಾವ ಮಾರುಕಟ್ಟೆಯೂ ಬದಲಿಸಲಾರದು. ಕಮಿಷನ್ನಿನ ತರ್ಕ ಅರ್ಥವಾಗುತ್ತದೆ, ಪೂರ್ತಿ ಒಪ್ಪಲು ಮನಸ್ಸಿಲ್ಲ. ಒಂಟಿ ದುಭಾಷಿಯನ್ನೂ ದೊಡ್ಡ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಇಬ್ಬರೂ ವ್ಯಾಪಾರಿಗಳೇ ಎನ್ನುವುದು ಕಾನೂನಿಗೆ ಸಲೀಸು. ಹಾಗಿದ್ದೂ ವಿಶ್ವಸಂಸ್ಥೆಯ ಕೆಲಸಕ್ಕೆ ಬರುವ ಫ್ರೀಲ್ಯಾನ್ಸ್‌ಗಳ ಷರತ್ತುಗಳನ್ನು ಅದೇ ಸಂಘ ಇಂದಿಗೂ ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳುತ್ತದೆ. ಅಲ್ಲಿ ಅವರು ವ್ಯಾಪಾರಿಗಳಲ್ಲ, ತಾತ್ಕಾಲಿಕ ನೌಕರರು, ಹಾಗಾಗಿ ತೊಂದರೆ ಇಲ್ಲ.

ದಾರಿಯ ಬೆಲೆಯನ್ನು ಲೆಕ್ಕದಿಂದ ತೆಗೆದರೆ ಏನಾಗುತ್ತದೆ ಎಂದು ನೋಡಲು ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿನ ನ್ಯಾಯಾಲಯಗಳಲ್ಲಿ ಮೊದಲು ದುಭಾಷಿ ಕಾಲಿಟ್ಟರೆ ಮೂರು ಗಂಟೆಗೆ ಕನಿಷ್ಠ 85 ಪೌಂಡ್ ಇತ್ತು, ಪ್ರಯಾಣದ ಸಮಯಕ್ಕೆ ಬೇರೆ ದುಡ್ಡು. 2012ರ ಜನವರಿ ಕೊನೆಯಲ್ಲಿ ನ್ಯಾಯ ಸಚಿವಾಲಯ ಇಡೀ ಕೆಲಸವನ್ನು ಅಪ್ಲೈಡ್ ಲ್ಯಾಂಗ್ವೇಜ್ ಸೊಲ್ಯೂಷನ್ಸ್ ಎಂಬ ಒಂದೇ ಕಂಪನಿಗೆ ವಹಿಸಿತು. ಅಷ್ಟರಲ್ಲಿ ಆ ಕಂಪನಿಯನ್ನು ಕ್ಯಾಪಿಟಾ ಎಂಬ ದೊಡ್ಡ ಕಂಪನಿ ಕೊಂಡಾಗಿತ್ತು. ಹೊಸ ದರ ಗಂಟೆಗೆ 22, 20, 16 ಪೌಂಡ್, ಮೂರು ದರ್ಜೆ. ಅನುಭವಿ ದುಭಾಷಿಗಳು ನೂರಾರು ಮಂದಿ ಬಹಿಷ್ಕಾರ ಹಾಕಿದರು. ವಿಚಾರಣೆಗಳು ಮುಂದಕ್ಕೆ ಹೋದವು, ಆರೋಪಿಗಳು ಜೈಲಿನಲ್ಲೇ ಕಾದರು. ಯಾರೋ ತಮ್ಮ ಸಾಕುಮೊಲವನ್ನೂ ದುಭಾಷಿ ಎಂದು ನೋಂದಾಯಿಸಿದ್ದರೆಂಬ ಮಾತು ಸಂಸದರ ಸಮಿತಿಯ ಮುಂದೆ ಬಂತು. ಆ ಡಿಸೆಂಬರ್‌ನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಸಚಿವಾಲಯವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಉಳಿತಾಯ ಆಗಲಿಲ್ಲವೆಂದಲ್ಲ. ಆದರೆ ಉಳಿಸಿದ ಆ ದುಡ್ಡು ಬಂದದ್ದು ದುಭಾಷಿಗಳ ರೈಲು ಗಂಟೆಗಳಿಂದ.

ಜರ್ಮನಿಯ ಕಾನೂನು ಇದಕ್ಕೆ ತದ್ವಿರುದ್ಧ. ನ್ಯಾಯಾಲಯ ಕರೆಸುವ ದುಭಾಷಿಯ ಸಂಭಾವನೆಗೆಂದೇ ಅಲ್ಲಿ ಕಾಯ್ದೆಯಿದೆ, ಜೆವಿಇಜಿ ಎನ್ನುತ್ತಾರೆ. ಗಂಟೆಗೆ 2021ರಿಂದ 85 ಯೂರೋ, 2025ರ ಜೂನ್‌ನಿಂದ 93. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಅಗತ್ಯವಾದ ಪ್ರಯಾಣದ ಹೊತ್ತು ಮತ್ತು ಕಾದ ಹೊತ್ತು ಎರಡೂ ಅದೇ ದರಕ್ಕೆ ಸೇರುತ್ತವೆ. ಸ್ಟುಟ್‌ಗಾರ್ಟಿನ ಒಬ್ಬರು ಫ್ರಾಂಕ್‌ಫರ್ಟಿನ ಕೋರ್ಟಿಗೆ ಕಾರಿನಲ್ಲಿ ಹೋದರು ಅನ್ನಿ. ಹೋಗಿ ಬರಲು ಐದು ಗಂಟೆ, ಕಾರಿಡಾರಿನ ಬೆಂಚಿನ ಮೇಲೆ ಅರ್ಧ ಗಂಟೆ, ಒಳಗೆ ಮಾತಾಡಿದ್ದು ಒಂದು ಗಂಟೆ. ಆರೂವರೆ ಗಂಟೆಗೆ 604 ಯೂರೋ 50 ಸೆಂಟ್. ಕಿಲೋಮೀಟರಿಗೆ 42 ಸೆಂಟಿನಂತೆ 400 ಕಿಲೋಮೀಟರಿಗೆ 168. ಒಟ್ಟು 772 ಯೂರೋ 50. ವಿಚಾರಣೆ ಕೊನೆಯ ಎರಡು ದಿನಗಳಲ್ಲಿ ರದ್ದಾಗಿ ಸಂಪಾದನೆ ತಪ್ಪಿದರೆ ಎರಡು ಗಂಟೆಯವರೆಗಿನ ಪರಿಹಾರವೂ ಉಂಟು. 2012ರ ಇಂಗ್ಲೆಂಡಿನಲ್ಲಿ ಆ ಬಾಯಿಮಾತಿನ ಒಂದು ಗಂಟೆಗೆ ಮೇಲಿನ ದರ್ಜೆಯವರಿಗೂ ಸಿಗುತ್ತಿದ್ದದ್ದು 22 ಪೌಂಡ್.

ಜರ್ಮನಿಯದು ರಾಮರಾಜ್ಯ ಎಂದುಕೊಳ್ಳಬೇಡಿ. ಪದೇಪದೇ ಕರೆಸುವವರ ಜೊತೆ ಕಡಿಮೆ ದರಕ್ಕೆ ಒಪ್ಪಂದ ಮಾಡಿಕೊಳ್ಳಲು ಅದೇ ಕಾಯ್ದೆ ಇಲಾಖೆಗಳಿಗೆ ಕಿಟಕಿ ತೆರೆದಿಟ್ಟಿದೆ. ಇಲಾಖೆಗಳು ಆ ಕಿಟಕಿಯಿಂದ ಧಾರಾಳವಾಗಿ ಕೈ ಚಾಚುತ್ತವೆ. ಆದರೂ ಒಂದು ವಿಷಯದಲ್ಲಿ ಆ ಕಾಯ್ದೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅದಕ್ಕೆ ಭಾಷೆಯ ಜಾತಿ ಇಲ್ಲ. ಫ್ರೆಂಚ್‌ಗೂ 93, ಕನ್ನಡಕ್ಕೂ 93. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಹಾಗಿಲ್ಲ. ಅಲ್ಲಿ ಈಗ ಫೆಡರಲ್ ಪ್ರಮಾಣಪತ್ರದ ಪರೀಕ್ಷೆ ಇರುವುದು ಸ್ಪ್ಯಾನಿಷ್‌ಗೆ ಮಾತ್ರ. ಬೇರೆ ಭಾಷೆಯವರು ಬೇರೆ ಅರ್ಹತೆ ತೋರಿಸಿ ಮೇಲಿನ ದರ ಪಡೆಯಬೇಕು, ಇಲ್ಲದಿದ್ದರೆ 'ಭಾಷೆ ಬಲ್ಲವರು' ಎಂಬ ಕೆಳಗಿನ ದರ. ಕನ್ನಡಕ್ಕೆ ಪರೀಕ್ಷೆಯೇ ಇಲ್ಲ, ಪರೀಕ್ಷೆ ಪಾಸಾಗಿಲ್ಲ ಎಂದು ಕಡಿಮೆ ಕೂಲಿ! ಕನ್ನಡದ ದುಭಾಷಿ ಸಿಗುವುದೇ ಅಪರೂಪ, ಹತ್ತಿರದ ಊರಿನಲ್ಲಿ ಇರುವುದು ಇನ್ನೂ ಅಪರೂಪ. ಹೆಚ್ಚು ದೂರದಿಂದ ಬರಬೇಕಾದವರಿಗೇ ಕಡಿಮೆ ದರ.

2020ರ ನಂತರ ಜೂಮ್ ಬಂತು, ಇನ್ನು ದಾರಿಯ ರಗಳೆಯೇ ಇಲ್ಲ ಎಂದರು. ಮೇಳದ ಸ್ಟಾಲಿನಲ್ಲಿ ಯಂತ್ರದ ಹೊಟ್ಟೆಯೊಳಗೆ ಕೈ ತೂರಿಸಿ "ಈ ಬೇರಿಂಗ್ ಎಷ್ಟು ದಿನ ಬಾಳುತ್ತೆ ಕೇಳಿ" ಎನ್ನುವವರಿಗೆ ಜೂಮ್ ಏನು ಮಾಡೀತು?

ಪೀಣ್ಯದ ಮಾಲೀಕರಿಗೆ ನಾನು ಕಳಿಸಿದ ಕೊಟೇಶನ್ನಿನಲ್ಲಿ ಮೇಳದ ಆರು ದಿನಕ್ಕೆ ಪೂರ್ತಿ ಫೀ, ಹೋಗುವ ಬರುವ ದಿನಗಳಿಗೆ ಅರ್ಧ, ದಿನಭತ್ಯೆ, ಆಗ 80 ಯೂರೋ ಇದ್ದ ವೀಸಾ ಫೀ, ಮೂವತ್ತು ಸಾವಿರ ಯೂರೋವರೆಗೆ ರಕ್ಷಣೆ ಕೊಡುವ ಪ್ರಯಾಣ ವಿಮೆ, ರದ್ದಾದರೆ ಏನು ಎಂಬ ಒಂದು ಸಾಲು ಇದ್ದವು. "ವಿಮಾನದಲ್ಲಿ ನಿದ್ದೆ ಮಾಡೋದಕ್ಕೂ ದುಡ್ಡಾ ಮೇಡಂ?" ಎಂದು ನಕ್ಕರು. ಆ ದಿನ ನನ್ನನ್ನು ಇನ್ನಾರಿಗೂ ಕೊಡಲು ಬರುವುದಿಲ್ಲವಲ್ಲ ಸಾರ್ ಎಂದೆ. "ಸರಿ, ಹೋಗಿ ಬಂದ ಮೇಲೆ ನೋಡೋಣ" ಎಂದರು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ, ತಪ್ಪು ನನ್ನದೇ.

ಹ್ಯಾನೋವರ್‌ನಲ್ಲಿ ಮೇಳದ ವಾರ ಹೋಟೆಲ್ ದರ ಆಕಾಶಕ್ಕೆ ಏರುತ್ತದೆ. ಹಾಗಾಗಿ ಊರಾಚೆ, ರೈಲಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಕೋಣೆ. ಎರಡನೆಯ ಸಂಜೆ "ಸುಮ್ಮನೆ ಊಟಕ್ಕೆ" ಎಂದು ಜರ್ಮನ್ ಕಂಪನಿಯವರ ಜೊತೆ ಕೂತೆವು. ನನ್ನ ತಟ್ಟೆಯ ಆಲೂಗಡ್ಡೆ ಮೂರು ಗಂಟೆ ಹಾಗೇ ಇತ್ತು. ಫೋರ್ಕ್ ಎತ್ತಿದಾಗಲೆಲ್ಲ ಯಾರಾದರೊಬ್ಬರು ಬಾಯಿ ತೆರೆಯುತ್ತಿದ್ದರು. ವಾರಂಟಿಯ ಮಾತೆಲ್ಲ ಮುಗಿದದ್ದು ಆ ಮೇಜಿನ ಮೇಲೆಯೇ. ರಾತ್ರಿ ಹನ್ನೊಂದರ ರೈಲಿನಲ್ಲಿ ಚೀಲದಲ್ಲಿದ್ದ ಕೋಡುಬಳೆ ತಿಂದೆ.

ವಾಪಸು ಬರುವಾಗ ವಿಮಾನ ಮೂರು ಗಂಟೆ ತಡ. ದೇವನಹಳ್ಳಿಯ ನಿಲ್ದಾಣದಿಂದ ಹೊರಬಂದಾಗ ಬೆಳಗಿನ ಜಾವ, ಮಾಲೀಕರು ಗೊತ್ತುಮಾಡಿದ್ದ ಟ್ಯಾಕ್ಸಿಯ ಹುಡುಗ ಕಂಬಕ್ಕೊರಗಿ ತೂಕಡಿಸುತ್ತಿದ್ದ. ಮಾಲೀಕರು ಅವನ ಭುಜ ತಟ್ಟಿ, ಅವನು ಕೇಳುವ ಮೊದಲೇ ಪರ್ಸಿನಿಂದ ಐನೂರರ ನೋಟು ತೆಗೆದು ಜೇಬಿಗಿಟ್ಟರು. "ಪಾಪ, ವೇಟಿಂಗ್ ಆಯ್ತಲ್ಲಪ್ಪ" ಎಂದರು.

ಹತ್ತು ದಿನದ ಮೇಲೆ ನನ್ನ ಬಿಲ್ಲು ಅವರ ಅಕೌಂಟೆಂಟ್ ಕೈಯಿಂದ ತಿರುಗಿ ಬಂತು. ಪ್ರಯಾಣದ ದಿನಗಳ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ "ಕೆಲಸ ಇಲ್ಲ" ಎಂದು ಬರೆದಿತ್ತು.