ಕಾಲು ಮಿಲಿಮೀಟರ್‌ನ ನ್ಯಾಯ

2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ಏಷ್ಯನ್ ಶೂಟಿಂಗ್ ಚಾಂಪಿಯನ್‌ಷಿಪ್ ನಡೆಯಿತು. ಮಹಿಳೆಯರ 10 ಮೀಟರ್ ಏರ್ ರೈಫಲ್ ಫೈನಲ್‌ನಲ್ಲಿ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ 252.3 ಅಂಕ ಗಳಿಸಿ ಬೆಳ್ಳಿ ಗೆದ್ದಳು, ದೇಶಕ್ಕೊಂದು ಒಲಿಂಪಿಕ್ ಕೋಟಾ ತಂದಳು. ಆಗ ಅವಳಿಗೆ ಹದಿನೈದು ವರ್ಷ. ಚಿನ್ನ ಗೆದ್ದ ಕೊರಿಯಾದ ಆಟಗಾರ್ತಿಯದು 252.4. ಏರ್ ರೈಫಲ್ ಗುರಿಹಲಗೆಯಲ್ಲಿ ಒಂದು ಉಂಗುರಕ್ಕೂ ಮುಂದಿನ ಉಂಗುರಕ್ಕೂ ಇರುವ ಅಂತರ 2.5 ಮಿಲಿಮೀಟರ್. ಅಂಕದ ಹತ್ತನೇ ಒಂದು ಭಾಗವೆಂದರೆ ಕಾಲು ಮಿಲಿಮೀಟರ್. ಫೈನಲ್‌ನ 24 ಗುಂಡುಗಳನ್ನೆಲ್ಲ ಕೂಡಿಸಿದ ಮೇಲೆ ಚಿನ್ನಕ್ಕೂ ಬೆಳ್ಳಿಗೂ ಉಳಿದ ವ್ಯತ್ಯಾಸ ಅಷ್ಟೇ.

ಇಂಥ ಆಟಕ್ಕೆ ಇಳಿಯುವ ಮಗುವಿನ ಕೈಗೆ ಹೊಸ ರೈಫಲ್ ಕೊಡುತ್ತೇವೆ. ಆ ರೈಫಲ್‌ನಲ್ಲೇ ದೋಷವಿದ್ದರೆ? ಮೊದಲು ಅನುಮಾನ ಬೀಳುವುದು ಮಗುವಿನ ಮೇಲೆ. ಕೈ ನಡುಗುತ್ತಿದೆ, ಟ್ರಿಗರ್ ಜಗ್ಗುತ್ತಿದ್ದಾಳೆ, ಮನಸ್ಸು ನಿಲ್ಲುತ್ತಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಮಗುವೂ ನಂಬುತ್ತದೆ. ಯಂತ್ರದ ತಪ್ಪನ್ನು ಸರಿದೂಗಿಸಲು ತನ್ನ ಸರಿಯಾದ ಅಭ್ಯಾಸವನ್ನೇ ಕೆಡಿಸಿಕೊಳ್ಳುತ್ತದೆ. ಆದ್ದರಿಂದ ತಯಾರಕರಿಂದ ದೋಷ ಸರಿಪಡಿಸಿಕೊಳ್ಳುವ ವಿದ್ಯೆಯನ್ನೂ ನಾನು ಶೂಟಿಂಗ್ ಕಲಿಕೆಯ ಭಾಗವೆಂದೇ ಎಣಿಸುತ್ತೇನೆ.

ಕಳೆದ ವರ್ಷ ದೂರವಾಣಿನಗರದ ಹಿರಿಯರೊಬ್ಬರು ಮೊಮ್ಮಗಳ ಹೊಸ ರೈಫಲ್‌ ಹಿಡಿದು ನನ್ನ ಬಳಿ ಬಂದರು. ಕೆ.ಆರ್. ಪುರದ ಐಟಿಐ ದೂರವಾಣಿ ಕಾರ್ಖಾನೆಯ ಟೂಲ್‌ರೂಮ್‌ನಲ್ಲಿ ಬದುಕು ಸವೆಸಿದವರು. 1948ರಲ್ಲಿ ಆರಂಭವಾದ ಆ ಕಾರ್ಖಾನೆಯೂ ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ ಕೂಡ ಪೂರ್ವ ಬೆಂಗಳೂರಿಗೆ ಕೊಟ್ಟ ದೊಡ್ಡ ಆಸ್ತಿಯೆಂದರೆ ಅಳೆಯದೆ ಮಾತಾಡದ ಇಂಥ ಜನ. "ಸಾರ್, ಸತತವಾಗಿ ಹೊಡೆದರೆ ಗ್ರೂಪ್ ಚೆನ್ನಾಗಿ ಬರುತ್ತೆ, ಗುಂಡೆಲ್ಲ ಒಂದೇ ಕಡೆ ಬೀಳುತ್ತೆ. ಹತ್ತು ನಿಮಿಷ ಬಿಟ್ಟು ಹೊಡೆದರೆ ಮೊದಲನೇದು ಮೇಲೆ ಹೋಗುತ್ತೆ. ಪ್ರತಿ ಸಲ ಮೇಲೇನೇ. ಮಗು ಕೈ ತಪ್ಪಾಗಿದ್ದರೆ ಒಂದು ಸಲ ಮೇಲೆ, ಒಂದು ಸಲ ಪಕ್ಕಕ್ಕೆ ಹೋಗಬೇಕಲ್ವಾ?" ಎಂದರು. ಅರ್ಧ ರೋಗನಿದಾನ ಆ ಪ್ರಶ್ನೆಯಲ್ಲೇ ಇತ್ತು. ಅಂಗಡಿಯವರು ಬ್ಯಾರಲ್ ಇನ್ನೂ ಪಳಗಬೇಕು ಎಂದಿದ್ದರು. ಕಂಪನಿಯವರು ಫೋನಿನಲ್ಲೇ ಹುಡುಗಿಯ ಕೈದೋಷ ಎಂದು ತೀರ್ಮಾನಿಸಿದ್ದರು.

ಈಗಿನ ಸ್ಪರ್ಧಾ ಏರ್ ರೈಫಲ್‌ಗಳ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ರೆಗ್ಯುಲೇಟರ್ ಅದನ್ನು ತಗ್ಗಿಸಿ, ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಸಿಗುವಂತೆ ನೋಡಿಕೊಳ್ಳುತ್ತದೆ. ಅದರೊಳಗಿನ ಕವಾಟ ಕೂರುವ ಸೀಟಿನ ಮೇಲೆ ಕಣ್ಣಿಗೆ ಕಾಣದ ಲೋಹದ ಚೂರು ಕೂತಿದ್ದರೂ ಸಾಕು, ರೈಫಲ್ ಸುಮ್ಮನಿರುವಾಗ ಗಾಳಿ ಸೋರಿ ಮುಂದಿನ ಕೋಣೆಯಲ್ಲಿ ಒತ್ತಡ ಮೆಲ್ಲಗೆ ಏರುತ್ತದೆ. ವಿರಾಮದ ನಂತರದ ಮೊದಲ ಪೆಲೆಟ್ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಸೆಕೆಂಡಿಗೆ 165 ಮೀಟರ್ ವೇಗದ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 18 ಮಿ.ಮೀ. ಕೆಳಗಿಳಿಯುತ್ತದೆ. ವೇಗ 175 ಆದರೆ ಇಳಿತ 16 ಮಿ.ಮೀ. ಮಾತ್ರ. ಗುರುತ್ವದ ಲೆಕ್ಕವೊಂದರಲ್ಲೇ 2 ಮಿ.ಮೀ. ವ್ಯತ್ಯಾಸ, ಅಂದರೆ ಮುಕ್ಕಾಲು ಅಂಕಕ್ಕೂ ಹೆಚ್ಚು. ಚಾಂಗ್ವಾನ್‌ನಲ್ಲಿ ಪದಕದ ಬಣ್ಣ ಬದಲಿಸಿದ್ದು ಇದರ ಎಂಟನೇ ಒಂದು ಭಾಗ.

ನಾವು ಮಾಡಿದ್ದು ಟೂಲ್‌ರೂಮ್‌ನ ಹಳೆಯ ಕ್ರಮ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಮೊದಲು ಬ್ಯಾರಲ್ ಶುಚಿ ಮಾಡಿದೆವು. ಸ್ಟಾಕಿನ ಸ್ಕ್ರೂ, ಸೈಟ್‌ಗಳ ಬಿಗಿತ ನೋಡಿದೆವು. ಪೆಲೆಟ್ ಬದಲಿಸಿ ನೋಡಿದೆವು. ಹುಡುಗಿಯನ್ನು ಬಿಟ್ಟು ತರಬೇತುದಾರರ ಕೈಯಲ್ಲಿ ಹೊಡೆಸಿದೆವು. ಕೊನೆಗೆ ಯಾರ ಕೈಯೂ ಬೇಡವೆಂದು ರೈಫಲನ್ನು ಕ್ಲ್ಯಾಂಪಿನಲ್ಲಿ ಕೂರಿಸಿ, ಮುಂದೆ ಕ್ರೋನೋಗ್ರಾಫ್ ಇಟ್ಟು ವೇಗ ಅಳೆದೆವು. ಅದೇ ಸಾಲಿನಲ್ಲಿ, ಅದೇ ಡಬ್ಬಿಯ ಪೆಲೆಟ್‌ನಿಂದ ಇನ್ನೊಂದು ರೈಫಲನ್ನೂ ಪರೀಕ್ಷಿಸಿದೆವು. ವಿರಾಮದ ನಂತರ ಜಿಗಿದ ವೇಗ ಈ ರೈಫಲ್‌ನದು ಮಾತ್ರ.

ಆಮೇಲೆ ಪತ್ರ. ಸಿಟ್ಟಿನಲ್ಲಿ ಬರೆದ ನಾಲ್ಕು ಪುಟಕ್ಕಿಂತ ಲೆಕ್ಕ ಒಪ್ಪಿಸಿದ ಒಂದು ಪುಟಕ್ಕೆ ಉತ್ತರ ಬೇಗ ಬರುತ್ತದೆ. ಮೇಲ್ಗಡೆ ಬಿಲ್ಲಿನ ದಿನಾಂಕ ಮತ್ತು ರೈಫಲ್‌ನ ಸೀರಿಯಲ್ ಸಂಖ್ಯೆ. ಅದರ ಕೆಳಗೆ ದೋಷ ಯಾವಾಗ ಕಾಣುತ್ತದೆ, ಯಾವಾಗ ಕಾಣುವುದಿಲ್ಲ ಎಂಬ ವಿವರ. ಎರಡನೆಯದನ್ನು ಬಹಳ ಜನ ಬರೆಯುವುದಿಲ್ಲ, ಆದರೆ ಎಂಜಿನಿಯರಿಗೆ ಹೆಚ್ಚು ದಾರಿ ತೋರಿಸುವುದು ಅದೇ. ಜೊತೆಗೆ ಕ್ರಮಸಂಖ್ಯೆ ಹಾಕಿದ ಗುರಿಕಾರ್ಡ್‌ಗಳು, ವೇಗದ ಪಟ್ಟಿ, ವಿಡಿಯೊ. ಕೊನೆಗೆ ಸ್ಪಷ್ಟವಾದ ಒಂದೇ ಬೇಡಿಕೆ: ರೆಗ್ಯುಲೇಟರ್ ಸರಿಪಡಿಸಿ, ಹೊಸ ಟೆಸ್ಟ್ ಕಾರ್ಡ್ ಮತ್ತು ವೇಗದ ಪಟ್ಟಿಯೊಂದಿಗೆ ಹಿಂದಿರುಗಿಸಿ. ಕಂಪನಿಯ ಎಂಜಿನಿಯರ್ ಈ ಸಲ ಹುಡುಗಿಯ ಕೈಯ ಮಾತೆತ್ತಲಿಲ್ಲ. ರೈಫಲ್ ತರಿಸಿಕೊಂಡು ಸೀಟ್ ಬದಲಿಸಿದರು, ಕೇಳಿದ ಎರಡೂ ಕಾಗದ ಲಗತ್ತಿಸಿ ಕಳಿಸಿದರು.

ಗುರಿಕಾರ್ಡಿನ ಈ ಬಲ ಹೊಸದಲ್ಲ. ದಂಡು ಪ್ರದೇಶದ ಹಳಬರಿಗೆ ಬಿ.ಆರ್.ವಿ. ಎಂದರೆ ಕಬ್ಬನ್ ರಸ್ತೆಯ ಟಾಕೀಸು. ಆ ಹೆಸರು ಬಂದದ್ದು 1868ರಲ್ಲಿ ಹುಟ್ಟಿದ ಬೆಂಗಳೂರು ರೈಫಲ್ ವಾಲಂಟಿಯರ್ಸ್‌ನಿಂದ. ಬಿಡುವಿನ ವೇಳೆಯಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದ ಇಂಥ ಸ್ವಯಂಸೇವಕರ ಪಡೆಗಳು ಬ್ರಿಟನ್ನಿನಲ್ಲೂ ಇದ್ದವು. ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧಕ್ಕೆ ಹೊರಟ, ಸ್ವಯಂಸೇವಕರ ಇಂಪೀರಿಯಲ್ ಯೋಮನ್ರಿ ಪಡೆಗೆ ಕೊಟ್ಟ ಹೊಸ ಲೀ-ಎನ್‌ಫೀಲ್ಡ್ ರೈಫಲ್‌ಗಳು 500 ಗಜ ದೂರದಲ್ಲಿ ಸುಮಾರು 18 ಅಂಗುಲ ಬಲಕ್ಕೆ ಹೊಡೆಯುತ್ತಿದ್ದುದು 1900ರ ಸುಮಾರಿಗೆ ಬಯಲಾಯಿತು. ಒಬ್ಬಿಬ್ಬರ ಗುಂಡು ಬಲಕ್ಕೆ ಹೋದರೆ ಅದು ಅವರ ಕೈ. ಪಡೆಗೆ ಪಡೆಯೇ ಬಲಕ್ಕೆ ಹೊಡೆದರೆ ಸೈಟ್ ಕೂರಿಸಿದ ಕಾರ್ಖಾನೆಯ ತಪ್ಪು. ಸಾಮ್ರಾಜ್ಯದ ಸರ್ಕಾರವೂ ಆ ಸೈಟ್‌ಗಳನ್ನು ಸರಿಪಡಿಸಬೇಕಾಯಿತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಶಿವಾಜಿನಗರದ ಗಲ್ಲಿಗಳಲ್ಲಿ, ಹಲಸೂರಿನ ಲೇತ್ ಅಂಗಡಿಗಳಲ್ಲಿ ಏನನ್ನಾದರೂ ಬಿಚ್ಚಿ ಜೋಡಿಸಬಲ್ಲ ಕೈಗಳಿವೆ. ಆ ಕೈಗಳ ಮೇಲೆ ನನಗೆ ಅಪಾರ ಗೌರವ. ಆದರೂ ವಾರಂಟಿ ಇರುವ ಹೊಸ ರೈಫಲನ್ನು ಅಲ್ಲಿಗೆ ಒಯ್ಯಬೇಡಿ. ಒಂದು ಸಲ ಬಿಚ್ಚಿದರೆ ದೋಷ ಕಾರ್ಖಾನೆಯದೋ ಬಿಚ್ಚಿದವರದೋ ಎಂದು ಸಾಬೀತು ಮಾಡುವುದು ಕಷ್ಟ. 200 ಬಾರ್ ಗಾಳಿಯ ಅಪಾಯ ಬೇರೆ. ಕಾನೂನೂ ಇದೆ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ನ ಮಿತಿ .177 ಬೋರ್ ಮತ್ತು 20 ಜೂಲ್ ಶಕ್ತಿ. ರಿಪೇರಿಯ ನೆಪದಲ್ಲಿ ಶಕ್ತಿ ಏರಿಸಿ ಆ ಗೆರೆ ದಾಟಿದರೆ ಆಟದ ಸಾಮಾನು ಅಕ್ರಮ ಶಸ್ತ್ರವಾಗುತ್ತದೆ. .22 ರೈಫಲ್‌ನಂಥ ಪರವಾನಗಿಯ ಬಂದೂಕಾದರೆ, ರಿಪೇರಿ ಮಾಡುವವರಿಗೇ ಪರವಾನಗಿ ಇರಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ.

ಪತ್ರಕ್ಕೆ ಜಗ್ಗದ ಕಂಪನಿಗಳೂ ಇವೆ. ಅವರಿಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ತಯಾರಕರು ಯಾವ ರಾಜ್ಯದಲ್ಲಿದ್ದರೂ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರು ಕೊಡಲು ಇರುವ ಅವಧಿ ಎರಡು ವರ್ಷ. ಅಗತ್ಯ ಕಂಡರೆ ಆಯೋಗವು ವಸ್ತುವನ್ನು ಮೊಹರು ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಬಲ್ಲದು. ರೈಫಲ್ ಬಿಚ್ಚಬೇಡಿ ಎಂದದ್ದಕ್ಕೆ ಇದೂ ಕಾರಣ. ದೋಷ ನಿವಾರಣೆ, ಬದಲಿ ವಸ್ತು, ಹಣ ವಾಪಸು, ಪರಿಹಾರ ಎಲ್ಲಕ್ಕೂ ಆಯೋಗ ಆದೇಶ ಕೊಡಬಹುದು. ಬಿಲ್ ಮಾತ್ರ ಮನೆಯವರ ಹೆಸರಿನಲ್ಲಿರಲಿ. ಅಕಾಡೆಮಿಯ ಹೆಸರಿನಲ್ಲಿದ್ದರೆ ವ್ಯಾಪಾರಕ್ಕಾಗಿ ಕೊಂಡದ್ದೆಂಬ ತಕರಾರು ಎದ್ದೀತು.

ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಅಕಾಡೆಮಿಗಳಿಗೆ ನನ್ನದೊಂದು ವಿನಂತಿ. ಪ್ರತಿ ಹೊಸ ರೈಫಲ್ ಬಂದಾಗ ಅದನ್ನು ಮಗುವಿನ ಕೈಗೆ ಕೊಡುವ ಮೊದಲು ಕ್ಲ್ಯಾಂಪಿನಲ್ಲಿ ಕೂರಿಸಿ ಹೊಡೆಯಿರಿ. ಕಾರ್ಡನ್ನೂ ವೇಗದ ಪಟ್ಟಿಯನ್ನೂ ಸೀರಿಯಲ್ ಸಂಖ್ಯೆಯ ಜೊತೆ ಒಂದು ರಿಜಿಸ್ಟರ್‌ನಲ್ಲಿ ಅಂಟಿಸಿಡಿ. ಅದಕ್ಕೆ ಬೇಕಾದ್ದು ಒಂದು ಬೆಳಗಿನ ಕೆಲಸ. ಆರು ತಿಂಗಳ ನಂತರ ಅಂಕ ಕುಸಿದಾಗ, ಕುಸಿದದ್ದು ಹುಡುಗಿಯೋ ರೈಫಲ್ಲೋ ಎಂಬುದಕ್ಕೆ ಆ ರಿಜಿಸ್ಟರ್ ಉತ್ತರ ಕೊಡುತ್ತದೆ. ತಯಾರಕರಿಗೂ ಅದರಿಂದ ಲಾಭವಿದೆ. ಹತ್ತು ಅಕಾಡೆಮಿಗಳಿಂದ ಒಂದೇ ಬಗೆಯ ದೂರು ಅಂಕಿಅಂಶದೊಂದಿಗೆ ಬಂದರೆ ಅವರು ಒಂದು ರೈಫಲನ್ನಲ್ಲ, ಮುಂದೆ ಬರುವ ಎಲ್ಲ ರೈಫಲ್‌ಗಳನ್ನೂ ಸರಿಪಡಿಸುತ್ತಾರೆ. ನಮ್ಮ ದೇಶದಲ್ಲಿ ಒಳ್ಳೆಯ ಸ್ಪರ್ಧಾ ರೈಫಲ್‌ಗಳು ತಯಾರಾಗಬೇಕೆಂಬ ಆಸೆ ಇರುವವರು ಇಂಥ ದೂರು ಬರೆಯಲು ಬೇಸರಪಡಬಾರದು.